ರೆಪೊ ಇಳಿದರೆ ಯಾರಿಗೆ, ಏರಿದರೆ ಯಾರಿಗೆ?

2021ರ ಮಾರ್ಚ್ 31ರಂದು ಕೇಂದ್ರ ಹಣಕಾಸು ಸಚಿವಾಲಯ ಒಂದು ಆದೇಶ ಹೊರಡಿಸಿತು. ಸಣ್ಣ ಉಳಿತಾಯ ಯೋಜನೆಗಳ ಬಡ್ಡಿ ಮರುದಿನದಿಂದಲೇ ಇಳಿಯಬೇಕಿತ್ತು. ಪಿಪಿಎಫ್ ಶೇ 7.1ರಿಂದ ಶೇ 6.4ಕ್ಕೆ, ಹಿರಿಯ ನಾಗರಿಕರ ಉಳಿತಾಯ ಯೋಜನೆ ಶೇ 7.4ರಿಂದ ಶೇ 6.5ಕ್ಕೆ, ಅಂಚೆ ಕಚೇರಿಯ ಉಳಿತಾಯ ಖಾತೆ ಶೇ 4ರಿಂದ ಶೇ 3.5ಕ್ಕೆ. ಮರುದಿನ ಬೆಳಿಗ್ಗೆಯೇ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಕಣ್ತಪ್ಪಿನಿಂದ ಹೊರಬಿದ್ದ ಆದೇಶ ಇದು ಎಂದು ಟ್ವೀಟ್ ಮಾಡಿ ಅದನ್ನು ಹಿಂಪಡೆದರು. ಹಳೆಯ ದರಗಳೇ ಉಳಿದವು. ಅದಕ್ಕೂ ಒಂದು ವರ್ಷ ಮೊದಲಿನಿಂದ ಬಡ್ಡಿ ಇಳಿಕೆಯೆಂದರೆ ದೇಶಕ್ಕೆಲ್ಲ ಒಳ್ಳೆಯ ಸುದ್ದಿ ಎಂಬ ಧಾಟಿಯಲ್ಲೇ ಮಾತು ನಡೆದಿತ್ತು. ಸಾಲಗಾರ ಉಳಿಸಿಕೊಂಡ ಬಡ್ಡಿ ಇನ್ನೊಬ್ಬರ ಮನೆಯ ತಿಂಗಳ ಆದಾಯವೂ ಹೌದು ಎಂಬುದು ಆ ಒಂದು ರಾತ್ರಿಯಲ್ಲಿ ಎಲ್ಲರ ಕಣ್ಣಿಗೆ ಬಿತ್ತು.

ಸಣ್ಣ ಉಳಿತಾಯದ ಬಡ್ಡಿಯನ್ನು ನಿಗದಿ ಮಾಡುವುದು ರಿಸರ್ವ್ ಬ್ಯಾಂಕ್ ಅಲ್ಲ, ಸರ್ಕಾರ. ಆದರೆ ಅದರ ಲೆಕ್ಕಾಚಾರ ನಿಂತಿರುವುದು ಸರ್ಕಾರಿ ಸಾಲಪತ್ರಗಳ ಮೇಲಿನ ಆದಾಯದ ಮೇಲೆ. ಆ ಆದಾಯವನ್ನು ಏರಿಸುವ, ಇಳಿಸುವ ಶಕ್ತಿ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಮುಂಬೈನ ಮಿಂಟ್ ರಸ್ತೆಯ ರಿಸರ್ವ್ ಬ್ಯಾಂಕ್ ಕಟ್ಟಡಕ್ಕೆ. ಕೋವಿಡ್ ಬಂದಾಗ ರಿಸರ್ವ್ ಬ್ಯಾಂಕ್ ಆ ಶಕ್ತಿಯನ್ನು ಪೂರ್ತಿಯಾಗಿ ಬಳಸಿತು. 2020ರ ಮಾರ್ಚ್ 27ರಂದು ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ಒಂದೇ ಏಟಿಗೆ ಶೇ 0.75ರಷ್ಟು ಇಳಿಸಿ ಶೇ 4.4ಕ್ಕೆ ತಂದಿತು. ಮೇ 22ರಂದು ಶೇ 4ಕ್ಕೆ ಇಳಿಸಿತು. ಬ್ಯಾಂಕುಗಳಿಗೆ ದೀರ್ಘಾವಧಿಯ ಅಗ್ಗದ ಹಣ ಒದಗಿಸಿತು. 2021ರ ಏಪ್ರಿಲ್‌ನಿಂದ ಸರ್ಕಾರಿ ಸಾಲಪತ್ರಗಳನ್ನು ಮೊದಲೇ ಮೊತ್ತ ಘೋಷಿಸಿ ಕೊಳ್ಳಲು ಶುರುಮಾಡಿತು. ಮೊದಲ ಕಂತು 1 ಲಕ್ಷ ಕೋಟಿ ರೂಪಾಯಿ, ಎರಡನೆಯದು 1.2 ಲಕ್ಷ ಕೋಟಿ. ಸುಮಾರು ಎರಡು ವರ್ಷ ರೆಪೊ ದರ ಶೇ 4ರಲ್ಲೇ ನಿಂತಿತು. ಆಮೇಲೆ 2022ರ ಮೇ 4ರಂದು ನಿಗದಿಯಿಲ್ಲದ ಸಭೆ ಸೇರಿ ಏರಿಕೆ ಆರಂಭಿಸಿ, ಒಂಬತ್ತು ತಿಂಗಳಲ್ಲಿ, ಅಂದರೆ 2023ರ ಫೆಬ್ರುವರಿ ಹೊತ್ತಿಗೆ ಶೇ 6.5ಕ್ಕೆ ಮುಟ್ಟಿಸಿತು. ಮುಂದಿನ ಎರಡು ವರ್ಷ ಅಲ್ಲೇ ನಿಲ್ಲಿಸಿ, 2025ರ ಫೆಬ್ರುವರಿಯಿಂದ ಮತ್ತೆ ಇಳಿಸತೊಡಗಿತು. ಜೂನ್‌ನಲ್ಲಿ ಅದು ಶೇ 5.5ಕ್ಕೆ ಬಂತು. ಇಳಿಕೆ, ಏರಿಕೆ, ಮತ್ತೆ ಇಳಿಕೆ: ಐದೇ ವರ್ಷಗಳಲ್ಲಿ ಒಂದು ಪೂರ್ಣ ಸುತ್ತು. ಹಣಕಾಸು ನೀತಿ ಬಡವ–ಶ್ರೀಮಂತರ ಅಂತರದ ಮೇಲೆ ಏನು ಮಾಡುತ್ತದೆ ಎಂದು ನೋಡಲು ಇಷ್ಟು ಸ್ಪಷ್ಟವಾದ ಅವಧಿ ನಮಗೆ ಹಿಂದೆ ಸಿಕ್ಕಿರಲಿಲ್ಲ.

ಮೊದಲು ಇಳಿಕೆಯ ಕಾಲವನ್ನೇ ನೋಡೋಣ. 2020–21ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಐದರಿಂದ ಹತ್ತು ವರ್ಷದ ಠೇವಣಿಗೆ ಸಿಗುತ್ತಿದ್ದ ಬಡ್ಡಿ ಶೇ 5.4. ಆ ವರ್ಷದ ಸರಾಸರಿ ಚಿಲ್ಲರೆ ಹಣದುಬ್ಬರ ಶೇ 6.2. ನಿವೃತ್ತಿಯ ಹಣದಲ್ಲಿ 10 ಲಕ್ಷ ರೂಪಾಯಿಯನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲಿ ಬದುಕುವವರ ಕೈಗೆ ವರ್ಷಕ್ಕೆ 54 ಸಾವಿರ, ತಿಂಗಳಿಗೆ 4,500 ರೂಪಾಯಿ ಬಂತು. ಅದೇ ಹೊತ್ತಿನಲ್ಲಿ ಬೆಲೆಯೇರಿಕೆ ಅಸಲಿನ ಮೌಲ್ಯದಿಂದ 62 ಸಾವಿರ ಕಿತ್ತುಕೊಂಡಿತು. ಬಡ್ಡಿಯಲ್ಲಿ ಒಂದು ಪೈಸೆ ಮುಟ್ಟದೆ ಇದ್ದಿದ್ದರೂ ವರ್ಷದ ಕೊನೆಗೆ ಅವರು ಸುಮಾರು 8 ಸಾವಿರದಷ್ಟು ಬಡವರಾಗಿರುತ್ತಿದ್ದರು. ಬಡ್ಡಿಯನ್ನು ತಿಂದು ಬದುಕಿದವರ ನಷ್ಟ ಇನ್ನೂ ದೊಡ್ಡದು. ಇನ್ನೊಂದು ಕಡೆ ಷೇರುಪೇಟೆ. 2020ರ ಮಾರ್ಚ್ 23ರಂದು 26 ಸಾವಿರಕ್ಕಿಂತ ಕೆಳಗೆ ಕುಸಿದಿದ್ದ ಸೆನ್ಸೆಕ್ಸ್, 2021ರ ಜನವರಿಯಲ್ಲಿ 50 ಸಾವಿರ ಮುಟ್ಟಿತು, ಸೆಪ್ಟೆಂಬರ್‌ನಲ್ಲಿ 60 ಸಾವಿರ ದಾಟಿತು. 2020ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ದೇಶದ ಉತ್ಪಾದನೆ ಸುಮಾರು ಕಾಲುಭಾಗ ಕುಗ್ಗಿತ್ತು. ಅದೇ ತಿಂಗಳುಗಳಲ್ಲಿ ಷೇರುಗಳು ಮೇಲೇರತೊಡಗಿದ್ದವು. ಷೇರು ಏರಿದ್ದಕ್ಕೆ ಅಗ್ಗದ ಹಣವೊಂದೇ ಕಾರಣ ಎಂದರೆ ತಪ್ಪಾಗುತ್ತದೆ. ಕುಸಿತದ ನಂತರದ ಚೇತರಿಕೆ ಅದರಲ್ಲಿದೆ, ವಿದೇಶಿ ಹಣವಿದೆ, ಕಂಪನಿಗಳ ವೆಚ್ಚ ಕಡಿತವೂ ಇದೆ. ಆದರೆ ಬಡ್ಡಿ ಇಳಿದಾಗ ಆಸ್ತಿಯ ಬೆಲೆ ಏರುವುದು ಆಕಸ್ಮಿಕವಲ್ಲ, ನೀತಿ ಕೆಲಸ ಮಾಡುವ ದಾರಿಗಳಲ್ಲಿ ಅದೂ ಒಂದು. ಮುಂದೆ ಬರುವ ಲಾಭವನ್ನು ಇಂದಿನ ಬೆಲೆಗೆ ಇಳಿಸಿ ಎಣಿಸುವಾಗ ಬಡ್ಡಿ ಕಡಿಮೆಯಿದ್ದಷ್ಟೂ ಇಂದಿನ ಬೆಲೆ ಹೆಚ್ಚು. ಆ ಏರಿಕೆಯ ಫಲ ಸಿಗುವುದು ಆಗಲೇ ಆಸ್ತಿ ಇದ್ದವರಿಗೆ. 2020ರ ಮಾರ್ಚ್‌ನಲ್ಲಿ ದೇಶದಲ್ಲಿ ಇದ್ದ ಡಿಮ್ಯಾಟ್ ಖಾತೆಗಳು ಸುಮಾರು 4 ಕೋಟಿ ಮಾತ್ರ, ಅದರಲ್ಲಿ ಒಬ್ಬರಿಗೇ ಎರಡು ಮೂರು ಇದ್ದವೂ ಸೇರಿ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅಗ್ಗದ ಬಡ್ಡಿ ಶ್ರೀಮಂತರ ಪರ, ದುಬಾರಿ ಬಡ್ಡಿ ಬಡವರ ಪರ ಎಂಬ ತೀರ್ಮಾನಕ್ಕೆ ಬರಬೇಕಾಗುತ್ತದೆ. ಅದು ಅವಸರದ ತೀರ್ಮಾನ. 2020ರಲ್ಲಿ ರಿಸರ್ವ್ ಬ್ಯಾಂಕ್ ಬಡ್ಡಿ ಇಳಿಸದೆ ಕೈಕಟ್ಟಿ ಕುಳಿತಿದ್ದರೆ ಮುಚ್ಚಿಹೋಗುತ್ತಿದ್ದ ಕಾರ್ಖಾನೆಗಳಲ್ಲಿ ಮೊದಲು ಕೆಲಸ ಕಳೆದುಕೊಳ್ಳುತ್ತಿದ್ದವರು ಗುತ್ತಿಗೆ ಕಾರ್ಮಿಕರು. ಸರ್ಕಾರಕ್ಕೂ ಅಗ್ಗದ ಸಾಲ ಬೇಕಿತ್ತು. 2020–21ರಲ್ಲಿ ಕೇಂದ್ರ ಸರ್ಕಾರ ಪಡೆದ ಮಾರುಕಟ್ಟೆ ಸಾಲದ ಸರಾಸರಿ ಬಡ್ಡಿ ಶೇ 5.79, ಒಂದೂವರೆ ದಶಕದಲ್ಲೇ ಅತಿ ಕಡಿಮೆ. ಸುಮಾರು 80 ಕೋಟಿ ಜನರಿಗೆ ತಲಾ 5 ಕಿಲೊ ಉಚಿತ ಧಾನ್ಯ ಕೊಟ್ಟ ವರ್ಷದಲ್ಲಿ ಸರ್ಕಾರದ ಬಡ್ಡಿ ಹೊರೆ ಹಗುರಾಗಿದ್ದು ಸಣ್ಣ ವಿಷಯವಲ್ಲ. ಪಡಿತರ ಅಂಗಡಿಯ ಮುಂದೆ ಚೀಲ ಹಿಡಿದು ನಿಂತವರಿಗೆ ರೆಪೊ ದರದ ಹೆಸರು ಗೊತ್ತಿರಬೇಕಿಲ್ಲ. ಆ ಚೀಲ ತುಂಬಿದ್ದರಲ್ಲಿ ಅದರ ಪಾಲೂ ಇತ್ತು.

ವಿದೇಶದ ಸಂಶೋಧನೆಯಲ್ಲೂ ಇದೇ ಎಳೆದಾಟ ಕಾಣುತ್ತದೆ. ಅಮೆರಿಕದ ಅಂಕಿಅಂಶಗಳ ಮೇಲೆ ಕೊಯ್ಬಿಯನ್, ಗೊರೊಡ್ನಿಚೆಂಕೊ ಮತ್ತು ಸಂಗಡಿಗರು ಮಾಡಿದ ಪ್ರಸಿದ್ಧ ಅಧ್ಯಯನ, ಬಡ್ಡಿ ಏರಿಸಿ ಹಣ ಬಿಗಿಮಾಡಿದಾಗ ಅಸಮಾನತೆ ಹೆಚ್ಚುತ್ತದೆ ಎಂದಿತು. ಐಎಂಎಫ್‌ನ ಅರ್ಥಶಾಸ್ತ್ರಜ್ಞರು 32 ದೇಶಗಳನ್ನು ನೋಡಿ ಹೆಚ್ಚುಕಡಿಮೆ ಅದೇ ಮಾತು ಹೇಳಿದರು: ಬಿಗಿ ನೀತಿಯ ಮೊದಲ ಪೆಟ್ಟು ಕೆಲಸದ ಭದ್ರತೆಯಿಲ್ಲದವರ ಮೇಲೆ. ಡೆನ್ಮಾರ್ಕ್‌ನಲ್ಲಿ ಪ್ರತಿಯೊಬ್ಬರ ತೆರಿಗೆ ದಾಖಲೆಯನ್ನೇ ಆಧರಿಸಿ 1987ರಿಂದ 2014ರವರೆಗಿನ ಅವಧಿಯನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನಕ್ಕೆ ಸಿಕ್ಕಿದ್ದು ಬೇರೆ ಚಿತ್ರ. ಬಡ್ಡಿ ಶೇ 1ರಷ್ಟು ಇಳಿದಾಗ ಎರಡು ವರ್ಷದಲ್ಲಿ ಕೆಳಸ್ತರದವರ ಕೈಗೆ ಬರುವ ಆದಾಯ ಶೇ 0.5ಕ್ಕಿಂತ ಕಡಿಮೆ ಏರಿತು, ನಡುವಿನವರದು ಸುಮಾರು ಶೇ 1.5, ತುದಿಯಲ್ಲಿದ್ದ ಶೇ 1 ಜನರದು ಶೇ 5ಕ್ಕೂ ಹೆಚ್ಚು. ಎಲ್ಲರಿಗೂ ಲಾಭವಾಯಿತು, ಅಂತರವೂ ಹಿಗ್ಗಿತು. ಈ ಅಧ್ಯಯನಗಳು ಒಂದನ್ನೊಂದು ಸುಳ್ಳಾಗಿಸುತ್ತವೆ ಎಂದು ನನಗನ್ನಿಸುವುದಿಲ್ಲ. ಒಂದು ದೇಶದಲ್ಲಿ ಯಾರ ಬಳಿ ಏನಿದೆ, ಯಾರು ಯಾರಿಗೆ ಸಾಲಗಾರರು, ಯಾರ ಕೂಲಿ ಯಾವಾಗ ನಿಲ್ಲುತ್ತದೆ ಎಂಬುದರ ಮೇಲೆ ಬಡ್ಡಿ ದರದ ಪರಿಣಾಮ ನಿಂತಿದೆ. ಆದ್ದರಿಂದ ಡೆನ್ಮಾರ್ಕಿನ ಉತ್ತರವಾಗಲಿ ಅಮೆರಿಕದ ಉತ್ತರವಾಗಲಿ ನೇರವಾಗಿ ನಮಗೆ ಆಗಿಬರುವುದಿಲ್ಲ. ನಮ್ಮ ಲೆಕ್ಕವನ್ನು ನಾವೇ ಹಾಕಬೇಕು.

ಆ ಲೆಕ್ಕದ ಮೊದಲ ಸಾಲು ಇದು: 2023–24ರ ಕಾರ್ಮಿಕ ಸಮೀಕ್ಷೆಯ ಪ್ರಕಾರ ದುಡಿಯುವವರಲ್ಲಿ ತಿಂಗಳ ಸಂಬಳದವರು ಶೇ 21.7 ಮಾತ್ರ. ಶೇ 58.4 ಮಂದಿ ಸ್ವಂತ ದುಡಿಮೆಯವರು, ಉಳಿದ ಸುಮಾರು ಶೇ 20 ದಿನಗೂಲಿಗಳು. ಬ್ಯಾಂಕಿನ ಗೃಹಸಾಲ, ವಾಹನಸಾಲ, ರೆಪೊಗೆ ಜೋಡಿಸಿದ ಬಡ್ಡಿ ಇವೆಲ್ಲ ಬಹುಪಾಲು ಆ ಮೊದಲ ಗುಂಪಿನ ಲೋಕ. 2019ರ ಸಾಲ ಮತ್ತು ಹೂಡಿಕೆ ಸಮೀಕ್ಷೆಯಲ್ಲಿ, ಗ್ರಾಮೀಣ ಕುಟುಂಬಗಳ ಒಟ್ಟು ಸಾಲದಲ್ಲಿ ಸುಮಾರು ಮೂರನೇ ಒಂದು ಭಾಗ ಇನ್ನೂ ಲೇವಾದೇವಿಗಾರರು, ನೆಂಟರಿಷ್ಟರು, ವ್ಯಾಪಾರಿಗಳಂಥ ಸಾಂಸ್ಥಿಕವಲ್ಲದ ಮೂಲಗಳಿಂದ ಬಂದದ್ದು ಎಂದು ಕಂಡಿತ್ತು. ನಗರಗಳಲ್ಲಿ ಅದು ಶೇ 13. ಹಳ್ಳಿಯಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಯೆಂದರೆ ತಿಂಗಳಿಗೆ ಎಂಬುದು ಎಲ್ಲರಿಗೂ ಗೊತ್ತು, ಅಂದರೆ ವರ್ಷಕ್ಕೆ ಶೇ 36. ರಿಸರ್ವ್ ಬ್ಯಾಂಕಿನ ಆರು ಸದಸ್ಯರ ಸಮಿತಿ ಎರಡು ತಿಂಗಳಿಗೊಮ್ಮೆ ಕುಳಿತು ಕಾಲು ಪರ್ಸೆಂಟ್ ಇಳಿಸಬೇಕೇ ಬೇಡವೇ ಎಂದು ಮತ ಹಾಕುವಾಗ ಈ ಶೇ 36 ಅಲುಗುವುದಿಲ್ಲ. ತುಂಗಭದ್ರಾ ಕಾಲುವೆಯ ಮೇಲ್ಭಾಗದ ಗದ್ದೆಗೆ ನೀರು ಹರಿದು ಕೊನೆ ಭಾಗದ ಹೊಲ ಒಣಗಿದಂತೆಯೇ ಇದು: ಅಣೆಕಟ್ಟೆಯಿಂದ ಎಷ್ಟು ಬಿಟ್ಟರು ಎಂಬ ಸುದ್ದಿ ಒಂದು, ಕೊನೆಗೆ ಎಷ್ಟು ತಲುಪಿತು ಎಂಬುದು ಇನ್ನೊಂದು.

ಈ ಎರಡರ ನಡುವೆ ನಿಂತಿರುವುದು ಮೈಕ್ರೊಫೈನಾನ್ಸ್. ಅಲ್ಲಿ ಬಡ್ಡಿ ಸಾಮಾನ್ಯವಾಗಿ ಶೇ 20ರ ಆಚೆಗೇ. ಮಹಿಳೆಯೊಬ್ಬರು 50 ಸಾವಿರ ರೂಪಾಯಿಯನ್ನು ಶೇ 24ರ ಬಡ್ಡಿಗೆ ಎರಡು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 2,640 ರೂಪಾಯಿ. ರಿಸರ್ವ್ ಬ್ಯಾಂಕ್ ರೆಪೊವನ್ನು ಶೇ 2.5ರಷ್ಟು ಇಳಿಸಿ, ಆ ಇಳಿಕೆ ಪೂರ್ತಿಯಾಗಿ ಆಕೆಯವರೆಗೂ ತಲುಪಿತು ಎಂದೇ ಇಟ್ಟುಕೊಳ್ಳೋಣ. ಆಗ ಕಂತು ಸುಮಾರು 2,580. ತಿಂಗಳಿಗೆ ಉಳಿಯುವುದು 60 ರೂಪಾಯಿಯ ಆಸುಪಾಸು. ಈ ಲೆಕ್ಕ ಮಾಡಿದಾಗ ನನಗೆ ಮುಖ್ಯವಾಗಿ ಕಂಡಿದ್ದು ಇದು: ಕೆಳಗಿನವರಿಗೆ ರೆಪೊ ಏರಿತೋ ಇಳಿಯಿತೋ ಎನ್ನುವುದಕ್ಕಿಂತ, ರೆಪೊಗೂ ತಾವು ತೆರುವ ಬಡ್ಡಿಗೂ ನಡುವಿನ ಆ ಹದಿನೆಂಟು–ಇಪ್ಪತ್ತು ಪರ್ಸೆಂಟ್‌ನ ಅಂತರವೇ ಬದುಕಿನ ಪ್ರಶ್ನೆ. ಆ ಅಂತರದಲ್ಲಿ ಮನೆಮನೆಗೆ ಹೋಗಿ ಕಂತು ಎತ್ತುವ ಖರ್ಚಿದೆ, ವಾಪಸಾಗದ ಸಾಲದ ಹೊರೆಯಿದೆ, ಸಂಸ್ಥೆಯೇ ಬ್ಯಾಂಕಿಗೆ ಕಟ್ಟುವ ಬಡ್ಡಿಯಿದೆ, ಲಾಭವೂ ಇದೆ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ಹೊಸ ನಿಯಮದಲ್ಲಿ ರಿಸರ್ವ್ ಬ್ಯಾಂಕ್ ಈ ಸಾಲಗಳ ಬಡ್ಡಿಗಿದ್ದ ಮಿತಿಯನ್ನು ತೆಗೆದುಹಾಕಿ, ಸಂಸ್ಥೆಗಳೇ ದರ ನಿರ್ಧರಿಸಬಹುದು ಎಂದಿತು. ವಿಪರೀತ ಬಡ್ಡಿ ಕೂಡದು ಎಂಬ ಎಚ್ಚರಿಕೆಯನ್ನೂ ಸೇರಿಸಿತು. ಕುಟುಂಬದ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು ಎಂಬ ಷರತ್ತು ಕಾಗದದ ಮೇಲಿದೆ. 2025ರ ಫೆಬ್ರುವರಿ ಹೊತ್ತಿಗೆ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂದು, ಕಿರುಸಾಲ ವಸೂಲಿಯಲ್ಲಿ ನಡೆಯುವ ದೌರ್ಜನ್ಯವನ್ನು ಶಿಕ್ಷಾರ್ಹ ಅಪರಾಧ ಮಾಡಬೇಕಾಗಿ ಬಂತು. ಊರು ಬಿಟ್ಟ ಕುಟುಂಬಗಳ, ಬೀಗ ಬಿದ್ದ ಮನೆಗಳ ಸುದ್ದಿ ಆ ಚಳಿಗಾಲದ ಪತ್ರಿಕೆಗಳಲ್ಲಿ ದಿನವೂ ಇರುತ್ತಿತ್ತು. ಈ ಸಂಕಟವನ್ನು ಹಣಕಾಸು ನೀತಿಯ ಪುಟದಿಂದ ಬೇರ್ಪಡಿಸಿ ಅಪರಾಧ ಸುದ್ದಿಯ ಪುಟಕ್ಕೆ ಸೇರಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ದುಡ್ಡಿನ ಬೆಲೆಯನ್ನು ನಿಭಾಯಿಸುವ ಸಂಸ್ಥೆಯ ಕಣ್ಣಳತೆಯಲ್ಲೇ ನಡೆದ ವಿದ್ಯಮಾನ ಇದು.

ಇನ್ನು ಏರಿಕೆಯ ಕಾಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಗೃಹಸಾಲ ಮತ್ತು ಕಿರು–ಸಣ್ಣ ಉದ್ಯಮಗಳ ಹೊಸ ಸಾಲವನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಬೇಕಾಯಿತು. ಇಳಿಕೆಯ ಲಾಭ ಗ್ರಾಹಕರಿಗೆ ಬೇಗ ಸಿಗಲಿ ಎಂಬುದು ಉದ್ದೇಶ. 2020ರಲ್ಲಿ, 2025ರಲ್ಲಿ ಅದು ಸಿಕ್ಕಿತು ಕೂಡ. ಆದರೆ ಏರಿಕೆ ಬಂದಾಗ ಅದೇ ದಾರಿಯಲ್ಲಿ ಪೆಟ್ಟೂ ಅಷ್ಟೇ ಬೇಗ ಬಂತು. ಒಬ್ಬರು 30 ಲಕ್ಷ ರೂಪಾಯಿ ಗೃಹಸಾಲವನ್ನು ಶೇ 7ರ ಬಡ್ಡಿಗೆ 20 ವರ್ಷಕ್ಕೆ ಪಡೆದರು ಎನ್ನಿ. ಕಂತು 23,259 ರೂಪಾಯಿ. ಒಂದು ವರ್ಷ ತಪ್ಪದೆ ಕಟ್ಟಿದ ಮೇಲೆ ಬಾಕಿ ಸುಮಾರು 29.29 ಲಕ್ಷ. ಆಗ ಬಡ್ಡಿ ಶೇ 9.5ಕ್ಕೆ ಏರಿದರೆ ಒಂದು ತಿಂಗಳ ಬಡ್ಡಿಯೇ ಸುಮಾರು 23,185 ರೂಪಾಯಿ. ಬ್ಯಾಂಕು ಕಂತು ಏರಿಸದೆ ಅವಧಿಯನ್ನು ಮಾತ್ರ ಹಿಗ್ಗಿಸಿದರೆ, ಕಟ್ಟಿದ 23,259ರಲ್ಲಿ ಅಸಲಿಗೆ ಜಮೆಯಾಗುವುದು 75 ರೂಪಾಯಿಗೂ ಕಡಿಮೆ. 20 ವರ್ಷದ ಸಾಲ ಯಾವಾಗ ತೀರುತ್ತದೆ ಎಂದು ಕೇಳುವುದೇ ಕಷ್ಟ. ಎಷ್ಟೋ ಸಾಲಗಾರರಿಗೆ ಅವಧಿ ಹಿಗ್ಗಿದ್ದು ಗೊತ್ತೇ ಆಗಿರಲಿಲ್ಲ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂದು ಗ್ರಾಹಕರನ್ನು ಕೇಳಲೇಬೇಕು ಎಂದು ತಾಕೀತು ಮಾಡಬೇಕಾಯಿತು. ದೊಡ್ಡ ಕಂಪನಿಗೆ ಬ್ಯಾಂಕ್ ಸಾಲವನ್ನೇ ನೆಚ್ಚಿಕೊಳ್ಳುವ ಕಟ್ಟುಪಾಡಿಲ್ಲ. ಬ್ಯಾಂಕು ದುಬಾರಿಯಾದರೆ ಅದು ಬಾಂಡ್ ಹೊರಡಿಸುತ್ತದೆ, ವಿದೇಶದಲ್ಲಿ ಸಾಲ ಎತ್ತುತ್ತದೆ, ಷೇರು ಮಾರುತ್ತದೆ. ಪೀಣ್ಯದಲ್ಲಿ ಹತ್ತು ಲೇತ್ ಇಟ್ಟುಕೊಂಡು ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪಿಗೆ ಬ್ಯಾಂಕಿನ ಓವರ್‌ಡ್ರಾಫ್ಟ್ ಖಾತೆಯೊಂದೇ ಗತಿ.

ಠೇವಣಿಯ ಕಡೆಯ ಕಥೆ ಇದಕ್ಕೂ ನೋವಿನದು. ಸ್ಟೇಟ್ ಬ್ಯಾಂಕಿನ ಉಳಿತಾಯ ಖಾತೆಯ ಬಡ್ಡಿ 2020ರ ಮೇ ಕೊನೆಗೆ ಶೇ 2.7ಕ್ಕೆ ಇಳಿಯಿತು. ಆಮೇಲೆ ರೆಪೊ ಶೇ 2.5ರಷ್ಟು ಏರಿತು, ಸಾಲದ ಬಡ್ಡಿ ಅದರ ಬೆನ್ನಿಗೇ ಏರಿತು, ನಿಶ್ಚಿತ ಠೇವಣಿಯ ಬಡ್ಡಿ ತಡವಾಗಿಯಾದರೂ ಏರಿತು. ಉಳಿತಾಯ ಖಾತೆಯ ಸಾಮಾನ್ಯ ದರ ಶೇ 2.7ರಲ್ಲೇ ಉಳಿಯಿತು. 2025ರಲ್ಲಿ ರೆಪೊ ಇಳಿದಾಗ ಮಾತ್ರ ಇದೂ ಶೇ 2.5ಕ್ಕೆ ಇಳಿಯಿತು. ದುಡ್ಡನ್ನು ನಿಶ್ಚಿತ ಠೇವಣಿಯಲ್ಲಿಡುವಷ್ಟು, ಮ್ಯೂಚುವಲ್ ಫಂಡಿಗೆ ಹಾಕುವಷ್ಟು ನಿಶ್ಚಿಂತೆ ಇರುವವರಿಗೆ ದಾರಿಗಳಿವೆ. ನಾಳೆ ಆಸ್ಪತ್ರೆಗೆ ಬೇಕಾದೀತು, ಬೀಜಕ್ಕೆ ಬೇಕಾದೀತು ಎಂದು ಅದೇ ಖಾತೆಯಲ್ಲಿ ಹಣ ಬಿಟ್ಟುಕೊಂಡವರು ಏರಿಕೆಯ ಲಾಭವನ್ನು ಕಾಣಲೇ ಇಲ್ಲ. 2022–23ರಲ್ಲಿ ಸರಾಸರಿ ಹಣದುಬ್ಬರ ಶೇ 6.7 ಇತ್ತು ಎಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬಡವರಿಗೆ ಕೇಂದ್ರ ಬ್ಯಾಂಕ್ ಮಾಡಬಹುದಾದ ದೊಡ್ಡ ಉಪಕಾರ ಬೆಲೆಯೇರಿಕೆಯನ್ನು ಹಿಡಿತದಲ್ಲಿಡುವುದು, ಅದೊಂದನ್ನು ಮಾಡಿದರೆ ಸಾಕು ಎಂಬ ವಾದ ಅದು. ಇದರಲ್ಲಿ ಬಹಳಷ್ಟು ಸತ್ಯವಿದೆ. ಸರ್ಕಾರಿ ನೌಕರರಿಗೆ ವರ್ಷಕ್ಕೆರಡು ಬಾರಿ ತುಟ್ಟಿಭತ್ಯೆ ಪರಿಷ್ಕರಣೆಯಾಗುತ್ತದೆ. ಕೋವಿಡ್‌ನಲ್ಲಿ ಕೇಂದ್ರ ತಡೆಹಿಡಿದಿದ್ದ ತುಟ್ಟಿಭತ್ಯೆಯೂ 2021ರ ಜುಲೈನಿಂದ ಶೇ 28ಕ್ಕೆ ಏರಿ ಮರಳಿತು. ಕಂಪನಿ ತನ್ನ ಸರಕಿನ ಬೆಲೆ ಏರಿಸಿಕೊಳ್ಳುತ್ತದೆ, ಮನೆ ಮಾಲೀಕರು ಬಾಡಿಗೆ ಏರಿಸುತ್ತಾರೆ. ಮನೆಗೆಲಸದವರಿಗೆ, ಸೆಂಟ್ರಿಂಗ್ ಕೆಲಸದವರಿಗೆ ತುಟ್ಟಿಭತ್ಯೆಯಿಲ್ಲ. ಕೂಲಿ ಏರಬೇಕಾದರೆ ಕೇಳಬೇಕು, ಕಾಯಬೇಕು, ಕೆಲವೊಮ್ಮೆ ಕೆಲಸವನ್ನೇ ಬಿಡಬೇಕು. 2022–23ರ ಬಳಕೆ ವೆಚ್ಚ ಸಮೀಕ್ಷೆಯಂತೆ ಗ್ರಾಮೀಣ ಕುಟುಂಬದ ಖರ್ಚಿನಲ್ಲಿ ಆಹಾರದ ಪಾಲು ಸರಾಸರಿ ಶೇ 46, ಬಡ ಮನೆಗಳಲ್ಲಿ ಇನ್ನೂ ಹೆಚ್ಚು. 2012–13ರ ಸುತ್ತ ಚಿಲ್ಲರೆ ಹಣದುಬ್ಬರ ಶೇ 10ರ ಹತ್ತಿರವಿದ್ದಾಗ ಆ ಮನೆಗಳ ತಟ್ಟೆಯಲ್ಲಿ ಏನು ಕಡಿಮೆಯಾಯಿತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಊರ್ಜಿತ್ ಪಟೇಲ್ ಸಮಿತಿ 2014ರಲ್ಲಿ ಶಿಫಾರಸು ಮಾಡಿ, 2016ರಲ್ಲಿ ಕಾನೂನಾದ ಶೇ 4ರ ಹಣದುಬ್ಬರದ ಗುರಿ, ಎರಡು ಪರ್ಸೆಂಟ್ ಆಚೀಚೆಯ ಅವಕಾಶದೊಂದಿಗೆ, ಬಡವರ ವಿರುದ್ಧದ ಪಿತೂರಿ ಎನ್ನುವವರ ಜೊತೆ ನಾನಿಲ್ಲ. 2022ರಲ್ಲಿ ಸತತ ಮೂರು ತ್ರೈಮಾಸಿಕ ಹಣದುಬ್ಬರ ಶೇ 6 ದಾಟಿ, ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ವಿವರಣೆ ಬರೆಯಬೇಕಾಗಿ ಬಂದದ್ದು ಆ ಕಾನೂನಿನಿಂದಲೇ. ಉತ್ತರದಾಯಿತ್ವ ಎಂದರೆ ಅದೇ.

ಆದರೆ ಆಹಾರದ ಬೆಲೆಯನ್ನು ಬಡ್ಡಿ ದರದಿಂದ ಎಷ್ಟು ತಗ್ಗಿಸಬಹುದು? 2023ರ ಜುಲೈಯಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೊ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ದೇಶದ ಆಹಾರ ಹಣದುಬ್ಬರ ಶೇ 11ರ ಮೇಲಿತ್ತು. ರೆಪೊ ಆಗ ಶೇ 6.5. ಮಳೆ, ರೋಗ, ಬಿಸಿಲಿನಿಂದ ಕಡಿಮೆಯಾದ ಬೆಳೆ ಬಡ್ಡಿ ಏರಿದರೆ ಹೆಚ್ಚುವುದಿಲ್ಲ; ಕೆಲ ವಾರಗಳಲ್ಲಿ ಹೊಸ ಫಸಲು ಬಂದು ಬೆಲೆ ತಾನಾಗಿ ಇಳಿಯಿತು. ಆ ಬೆಲೆಯಲ್ಲಿ ಕೆಲವು ಬೆಳೆಗಾರರು ಅಪರೂಪಕ್ಕೆ ನಾಲ್ಕು ಕಾಸು ಕಂಡರು ಎಂಬುದನ್ನೂ ಮರೆಯಬಾರದು. ಬೆಲೆಯೇರಿಕೆ ಹಳ್ಳಿಯಲ್ಲಿ ಎಲ್ಲರನ್ನೂ ಒಂದೇ ರೀತಿ ಹಿಂಡುವುದಿಲ್ಲ. 2023–24ರ ಆರ್ಥಿಕ ಸಮೀಕ್ಷೆ ಆಹಾರವನ್ನು ಬಿಟ್ಟು ಉಳಿದ ಹಣದುಬ್ಬರಕ್ಕೆ ಗುರಿ ನಿಗದಿ ಮಾಡಬಾರದೇಕೆ ಎಂದು ಕೇಳಿತು. ಆಹಾರವೇ ದೊಡ್ಡ ಖರ್ಚಾಗಿರುವ ಜನರಿಗೆ ಅದನ್ನು ಬಿಟ್ಟ ಲೆಕ್ಕ ತೋರಿಸಿದರೆ ಕೇಂದ್ರ ಬ್ಯಾಂಕಿನ ಮೇಲೆ ನಂಬಿಕೆ ಉಳಿಯದು ಎಂದು ರಿಸರ್ವ್ ಬ್ಯಾಂಕಿನ ಮಾಜಿ ಗವರ್ನರ್ ರಘುರಾಂ ರಾಜನ್ ವಿರೋಧಿಸಿದರು. ನನಗೆ ರಾಜನ್ ಅವರ ಮಾತೇ ಸರಿ ಎನ್ನಿಸುತ್ತದೆ. ಗುರಿಯಲ್ಲಿ ಆಹಾರ ಇರಲಿ. ಆದರೆ ಟೊಮೆಟೊ ಬೆಲೆಗೆ ಹೆದರಿ ವರ್ಕ್‌ಶಾಪಿನ ಸಾಲ ದುಬಾರಿ ಮಾಡಿದಾಗ ಅದರ ಬೆಲೆ ತೆರುವವರು ಯಾರು ಎಂಬುದನ್ನು ಸಮಿತಿ ಬಹಿರಂಗವಾಗಿ ಎಣಿಸಲಿ. ಅಸಮಾನತೆಯ ದೃಷ್ಟಿಯಿಂದ ಏರಿಕೆಯ ಈ ಸುತ್ತು ನಾವು ಹೆದರಿದಷ್ಟು ಕ್ರೂರವಾಗಲಿಲ್ಲ, ನಿಜ. ಯಾದಗಿರಿ, ಕಲಬುರಗಿ, ರಾಯಚೂರಿನಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬರುವವರ ಕೂಲಿ ನಿಂತುಹೋಗುವಂಥ ಕುಸಿತ ಕಟ್ಟಡ ವಲಯದಲ್ಲಿ ಬರಲಿಲ್ಲ. ಅದಕ್ಕೊಂದು ದೊಡ್ಡ ಕಾರಣ ಸರ್ಕಾರದ ಬಂಡವಾಳ ವೆಚ್ಚ; 2023–24ರ ಬಜೆಟ್‌ನಲ್ಲಿ ಅದಕ್ಕೆ 10 ಲಕ್ಷ ಕೋಟಿ ಇಡಲಾಗಿತ್ತು. ರಿಸರ್ವ್ ಬ್ಯಾಂಕ್ ಬ್ರೇಕ್ ಒತ್ತುತ್ತಿದ್ದಾಗ ಬಜೆಟ್ ಕೆಲಸ ಕೊಟ್ಟಿತು. ಮುಂದಿನ ಸುತ್ತಿನಲ್ಲಿ ಬೊಕ್ಕಸಕ್ಕೆ ಆ ಶಕ್ತಿ ಇಲ್ಲದಿದ್ದರೆ ಚಿತ್ರ ಬೇರೆಯಾಗುತ್ತದೆ.

ಎರಡನೆಯ ಆಕ್ಷೇಪ: ಅಸಮಾನತೆ ತೆರಿಗೆ ಮತ್ತು ಬಜೆಟ್‌ನ ಕೆಲಸ, ಕೇಂದ್ರ ಬ್ಯಾಂಕಿನ ಕೈಲಿರುವುದು ಒಂದೇ ಆಯುಧ, ಅದರಿಂದ ಎರಡು ಗುರಿ ಹೊಡೆಯಲಾಗದು. ಅಮೆರಿಕದ ಫೆಡರಲ್ ರಿಸರ್ವ್ ಬಗ್ಗೆ ಈ ಮಾತು ಒಪ್ಪಬಹುದೇನೊ. ನಮ್ಮ ರಿಸರ್ವ್ ಬ್ಯಾಂಕ್ ಬಗ್ಗೆ ಒಪ್ಪುವುದು ಕಷ್ಟ, ಏಕೆಂದರೆ ಅದರ ಕೈಲಿ ಒಂದೇ ಆಯುಧ ಯಾವತ್ತೂ ಇರಲಿಲ್ಲ. ಬ್ಯಾಂಕುಗಳು ಕೊಡುವ ಸಾಲದಲ್ಲಿ ಶೇ 40 ಆದ್ಯತಾ ವಲಯಕ್ಕೆ, ಅದರಲ್ಲಿ ಕೃಷಿಗೆ ಶೇ 18, ದುರ್ಬಲ ವರ್ಗಕ್ಕೆ ಶೇ 12 ಎಂದು ನಿಗದಿ ಮಾಡುವುದು ಅದೇ ಸಂಸ್ಥೆ. ಯಾವ ಊರಲ್ಲಿ ಶಾಖೆ ತೆರೆಯಬೇಕು ಎಂಬ ಪರವಾನಗಿ ಕೊಟ್ಟದ್ದೂ ಅದೇ. 1969ರ ಜುಲೈ 19ರಂದು ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್, 1980ರ ಆರರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ನಮ್ಮ ಕರಾವಳಿಯಲ್ಲಿ ಹುಟ್ಟಿದವು. ದಿನಕ್ಕಿಷ್ಟು ಪುಡಿಗಾಸು ಎತ್ತಿದ ಪಿಗ್ಮಿ ಠೇವಣಿ ಇದೇ ಪರಂಪರೆಯದು. 1977ರಿಂದ 1990ರವರೆಗೆ, ಶಾಖೆಯಿರುವ ಊರಲ್ಲಿ ಇನ್ನೊಂದು ಶಾಖೆ ತೆರೆಯಬೇಕಾದರೆ ಬ್ಯಾಂಕೇ ಇಲ್ಲದ ನಾಲ್ಕು ಊರುಗಳಲ್ಲಿ ತೆರೆಯಬೇಕೆಂಬ ನಿಯಮವಿತ್ತು. ಆ ನಿಯಮದ ಫಲವಾಗಿ ಗ್ರಾಮೀಣ ಬಡತನ ಇಳಿಯಿತು ಎಂದು ರಾಬಿನ್ ಬರ್ಜೆಸ್ ಮತ್ತು ರೋಹಿಣಿ ಪಾಂಡೆ 2005ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಆ ವ್ಯವಸ್ಥೆಯಲ್ಲಿ ವಸೂಲಾಗದ ಸಾಲ, ರಾಜಕೀಯದ ಸಾಲ ಮೇಳಗಳು, ನಷ್ಟದ ಶಾಖೆಗಳೂ ಇದ್ದವು. ಅದನ್ನೇ ಹಾಗೇ ಮರಳಿ ತರಬೇಕು ಎಂದು ನಾನು ಹೇಳುತ್ತಿಲ್ಲ. ಸಾಲ ಯಾರನ್ನು ಮುಟ್ಟುತ್ತದೆ ಎಂಬುದನ್ನು ನಿರ್ಧರಿಸುವ ಶಕ್ತಿ ಕೇಂದ್ರ ಬ್ಯಾಂಕಿಗೆ ಇದೆ, ಅದನ್ನು ಹಿಂದೆ ಬಳಸಿದ್ದಾಗ ಬಡವರ ಆದಾಯ ಬದಲಾಗಿದೆ ಎಂಬುದಕ್ಕೆ ನಮ್ಮದೇ ನೆಲದ ಪುರಾವೆ ಇದೆ ಎನ್ನುತ್ತಿದ್ದೇನೆ. ಬಜೆಟ್‌ಗೂ ಮಿತಿಯಿದೆ: ಕರ್ನಾಟಕದ ರೈತರಿಗೆ ಸಹಕಾರ ಸಂಘದಲ್ಲಿ 5 ಲಕ್ಷ ರೂಪಾಯಿವರೆಗೆ ಸಿಗುವ ಶೂನ್ಯ ಬಡ್ಡಿಯ ಬೆಳೆಸಾಲ ರಾಜ್ಯ ಬಜೆಟ್‌ನ ಕೊಡುಗೆ. ಅದು ಜಮೀನಿನ ಪಹಣಿ ಇದ್ದವರಿಗೆ. ಗೇಣಿಗೆ ಮಾಡುವವರು, ಕೂಲಿಯವರು ಅದರ ಹೊರಗೇ ಉಳಿಯುತ್ತಾರೆ, ಮತ್ತು ಅವರೇ ವಾರದ ಕಂತಿನ ಸಾಲಕ್ಕೆ ಹೋಗುವವರು.

ಅಸಮಾನತೆಯೇ ಹೆಚ್ಚಿಲ್ಲ ಎನ್ನುವವರೂ ಇದ್ದಾರೆ. ಬಳಕೆ ವೆಚ್ಚದ ಆಧಾರದಲ್ಲಿ ವಿಶ್ವಬ್ಯಾಂಕ್ ಲೆಕ್ಕ ಹಾಕಿದ ಗಿನಿ ಸೂಚ್ಯಂಕ 2011–12ರ 28.8ರಿಂದ 2022–23ಕ್ಕೆ 25.5ಕ್ಕೆ ಇಳಿದಿದೆ. ಇತ್ತ ವರ್ಲ್ಡ್ ಇನಿಕ್ವಾಲಿಟಿ ಲ್ಯಾಬ್ 2024ರಲ್ಲಿ, ತುದಿಯ ಶೇ 1 ಜನ ದೇಶದ ಆದಾಯದ ಶೇ 22.6 ಮತ್ತು ಸಂಪತ್ತಿನ ಶೇ 40.1 ಹೊಂದಿದ್ದಾರೆ ಎಂದಿತು. ಮೊದಲನೆಯದು ಖರ್ಚನ್ನು ಅಳೆಯುತ್ತದೆ, ಎರಡನೆಯದು ಗಳಿಕೆ ಮತ್ತು ಆಸ್ತಿಯನ್ನು. ಉಚಿತ ಧಾನ್ಯದಿಂದ ಬಡವರ ಬಳಕೆ ಸುಧಾರಿಸಿರಬಹುದು. ಶ್ರೀಮಂತರ ಗಳಿಕೆಯ ಬಹುಪಾಲು ಖರ್ಚಾಗುವುದೇ ಇಲ್ಲ, ಸಮೀಕ್ಷೆ ಮಾಡುವವರಿಗೆ ಅವರ ಗೇಟು ತೆರೆಯುವುದೂ ಕಷ್ಟ. ಹಣಕಾಸು ನೀತಿಯ ಪರಿಣಾಮ ನೋಡಲು ಗಳಿಕೆ ಮತ್ತು ಆಸ್ತಿಯ ಲೆಕ್ಕವೇ ಹೆಚ್ಚು ಉಪಯುಕ್ತ, ಏಕೆಂದರೆ ಬಡ್ಡಿ ಮೊದಲು ಮುಟ್ಟುವುದು ಅವನ್ನು. ಆ ಅಂದಾಜಿನಲ್ಲಿ ಊಹೆಗಳೂ ಬೆರೆತಿವೆ ಎಂಬ ಟೀಕೆಯನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತೇನೆ.

ಹಣದುಬ್ಬರದ ಗುರಿಯನ್ನು ಐದು ವರ್ಷಕ್ಕೊಮ್ಮೆ ಪರಿಶೀಲಿಸಬೇಕೆಂದು ಕಾನೂನು ಹೇಳುತ್ತದೆ. 2021ರಲ್ಲಿ ನವೀಕರಿಸಿದ ಗುರಿಯ ಅವಧಿ 2026ರ ಮಾರ್ಚ್ 31ರವರೆಗೆ. ಅದಕ್ಕೆ ಮುನ್ನ, 2025ರ ಆಗಸ್ಟ್‌ನಲ್ಲಿ, ರಿಸರ್ವ್ ಬ್ಯಾಂಕ್ ಸಾರ್ವಜನಿಕರ ಮುಂದೆ ಒಂದು ಚರ್ಚಾಪತ್ರ ಇಟ್ಟು ನಾಲ್ಕು ಪ್ರಶ್ನೆ ಕೇಳಿತು. ಗುರಿ ಒಟ್ಟಾರೆ ಹಣದುಬ್ಬರಕ್ಕೆ ಇರಬೇಕೋ, ಆಹಾರ–ಇಂಧನ ಬಿಟ್ಟದ್ದಕ್ಕೋ. ಶೇ 4 ಸರಿಯೇ. ಆಚೀಚೆಯ ಮಿತಿಯನ್ನು ಬದಲಿಸಬೇಕೇ. ಒಂದೇ ಅಂಕಿಯ ಬದಲು ಒಂದು ವ್ಯಾಪ್ತಿ ಸಾಕೇ. ನಾಲ್ಕೂ ಒಳ್ಳೆಯ ಪ್ರಶ್ನೆಗಳೇ. ಗುರಿ ಮುಟ್ಟುವ ದಾರಿಯಲ್ಲಿ ಭಾರ ಹೊರುವವರು ಯಾರು ಎಂಬ ಐದನೆಯ ಪ್ರಶ್ನೆ ಅಲ್ಲಿ ಇರಲಿಲ್ಲ. ಅದನ್ನು ಸೇರಿಸಲು ಕಾನೂನು ತಿದ್ದಬೇಕಿಲ್ಲ, ಶೇ 4ರ ಗುರಿ ಸಡಿಲಿಸಬೇಕಿಲ್ಲ. ರಿಸರ್ವ್ ಬ್ಯಾಂಕ್ ಆರು ತಿಂಗಳಿಗೊಮ್ಮೆ ಹೊರತರುವ ಹಣಕಾಸು ನೀತಿ ವರದಿಯಲ್ಲಿ ಬ್ಯಾಂಕುಗಳ ಸರಾಸರಿ ಸಾಲದ ದರ, ಠೇವಣಿ ದರ ಎಷ್ಟು ಬದಲಾಯಿತು ಎಂಬ ಕೋಷ್ಟಕ ಈಗಾಗಲೇ ಇರುತ್ತದೆ. ಅದರಲ್ಲೇ ಇನ್ನೂ ಮೂರು ಸಾಲು ಸೇರಲಿ: ಅದೇ ಅವಧಿಯಲ್ಲಿ ಮೈಕ್ರೊಫೈನಾನ್ಸ್ ಸಾಲಗಾರರು ತೆತ್ತ ಸರಾಸರಿ ಬಡ್ಡಿ ಎಷ್ಟು, ಚಿನ್ನದ ಒಡವೆ ಅಡವಿಟ್ಟವರು ತೆತ್ತದ್ದು ಎಷ್ಟು, ಉಳಿತಾಯ ಖಾತೆಯಲ್ಲಿ ಹಣ ಬಿಟ್ಟವರಿಗೆ ಬೆಲೆಯೇರಿಕೆ ಕಳೆದು ಉಳಿದದ್ದು ಎಷ್ಟು. ಈ ಅಂಕಿಗಳನ್ನು ಸಂಸ್ಥೆಗಳಿಂದ ತರಿಸಿಕೊಳ್ಳುವ ಅಧಿಕಾರ ರಿಸರ್ವ್ ಬ್ಯಾಂಕಿಗೆ ಇಂದೇ ಇದೆ.